ಸಂಯಮದಿಂದ ಆಡಿದ ಜೂಜು ಜೂಜಲ್ಲವೇ?

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಯಾರು ಉಪವಾಸ ಮಾಡಿದರು, ಯಾರು ಏಕಾಶನ ಹಿಡಿದರು, ಯಾರು ಉಪ್ಪು, ತುಪ್ಪ, ಹಾಲು ಮೊದಲಾದವುಗಳಲ್ಲಿ ಯಾವ ರಸವನ್ನು ತ್ಯಜಿಸಿದರು ಎಂಬ ಮಾತು ನಮ್ಮ ಮನೆಗಳಲ್ಲಿ ಸಹಜವಾಗಿಯೇ ನಡೆಯುತ್ತದೆ. ನಾಲಿಗೆಯು ಏನನ್ನು ಬಿಟ್ಟಿತೆಂದು ಕೇಳುವವರು ಬಹಳ ಮಂದಿ. ಆ ಹತ್ತು ದಿನ ಮನಸ್ಸು ಯಾವುದನ್ನು ಹಿಡಿದುಕೊಂಡಿತ್ತೆಂದು ಕೇಳುವವರು ವಿರಳ. 2025ರ ಪರ್ವದಲ್ಲಿ ನನ್ನ ಸೋದರಳಿಯನು ಈ ಎರಡನೆಯ ಪ್ರಶ್ನೆಯನ್ನು ತಾನಾಗಿಯೇ ನನ್ನ ಮುಂದಿಟ್ಟನು. ಅವನಿಗೆ ತಕ್ಷಣವೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಇದೇ ಪ್ರಶ್ನೆ ಇನ್ನೂ ಅನೇಕ ಶ್ರಾವಕರ ಮನೆಗಳಲ್ಲಿ, ಬಹುಶಃ ಬಾಯಿಬಿಡದೆಯೇ, ಉಳಿದಿರಬಹುದೆಂಬ ಭಾವನೆಯಿಂದ ನಮ್ಮಿಬ್ಬರ ನಡುವೆ ನಡೆದ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮನೆ. ಒಂದು ಕಾಲಕ್ಕೆ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಈ ಭಾಗದಲ್ಲಿ ರಾತ್ರಿ ಬೇಗನೆ ಸದ್ದಡಗುತ್ತದೆ. ಉದ್ಯೋಗದ ನಿಮಿತ್ತ ನಮ್ಮಲ್ಲಿಯೇ ಇರುವ ಅಳಿಯನು ಸೂರ್ಯಾಸ್ತದ ಅನಂತರ ಅನ್ನವನ್ನು ಮುಟ್ಟುವವನಲ್ಲ. ಅಷ್ಟಮಿ ಚತುರ್ದಶಿಗಳನ್ನು ತಪ್ಪಿಸಿದವನಲ್ಲ. ಆದರೆ ಮಹಡಿಯ ಮೇಲಿನ ಅವನ ಕೋಣೆಯ ದೀಪ ರಾತ್ರಿ ಮೂರು ಗಂಟೆಯವರೆಗೂ ಉರಿಯುತ್ತಿದ್ದುದುಂಟು. ಬೆಂಗಳೂರಿನ ಕಚೇರಿಯ ಕೆಲಸವಿರಬೇಕೆಂದು ನಾನು ಭಾವಿಸಿದ್ದೆ. ಪರ್ವದ ಮೂರನೆಯ ದಿನ ಸಂಜೆ ಬಸದಿಯಿಂದ ಮರಳುವಾಗ ಅವನೇ ವಿಷಯವನ್ನು ತೆಗೆದನು. ಎರಡು ವರ್ಷಗಳಿಂದ ಅವನು ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಿನ ಆಟವನ್ನು, ಅದರಲ್ಲಿಯೂ ಸಾವಿರಾರು ಜನ ಒಟ್ಟಿಗೆ ಆಡುವ ದೊಡ್ಡ ಟೂರ್ನಮೆಂಟುಗಳನ್ನು, ಹಣ ಕಟ್ಟಿ ಆಡುತ್ತಿದ್ದನು. ಲೆಕ್ಕದ ಪುಸ್ತಕವನ್ನೂ ಇಟ್ಟಿದ್ದನು. ಕಟ್ಟಿದ್ದು 1,84,000 ರೂಪಾಯಿ. ಮರಳಿ ಬಂದದ್ದು 1,41,000 ರೂಪಾಯಿ. ಇದು ಅವನ ತಾಯಿಗೆ, ಎಂದರೆ ನನ್ನ ತಂಗಿಗೆ, ತಿಳಿಯದು.

"ಮಾವ, ಅನಂತ ಚತುರ್ದಶಿಯ ದಿನ ಸಪ್ತವ್ಯಸನ ತ್ಯಾಗದ ವ್ರತ ತೆಗೆದುಕೊಳ್ಳಬೇಕೆಂದಿದ್ದೇನೆ. ಆದರೆ ಸುಳ್ಳು ವ್ರತ ಹಿಡಿಯಲಾರೆ. ಈ ಆಟ ದ್ಯೂತವೆಂದು ನನಗೆ ನಿಜವಾಗಿಯೂ ಅನ್ನಿಸಿಲ್ಲ. ಇದರಲ್ಲಿ ಗೆಲ್ಲುವುದು ಅದೃಷ್ಟವಲ್ಲ, ಸಂಯಮ. ಉಪವಾಸದಲ್ಲಿ ಕಲಿತದ್ದೇ ಅಲ್ಲಿ ನನಗೆ ಉಪಯೋಗಕ್ಕೆ ಬಂದಿತು. ಅಲ್ಲದೆ ಈಗ ಕಾನೂನು ಬಂದು ಹಣದ ಆಟವೇ ನಿಂತುಹೋಗಿದೆ. ಬಿಟ್ಟಿ ಬಿಲ್ಲೆಗಳನ್ನಿಟ್ಟು ಆಡುತ್ತಿದ್ದೇನೆ. ಇದರಲ್ಲಿ ದೋಷವೇನು ಹೇಳಿ" ಎಂದನು.

ಗದರಿಸುವುದು ಸುಲಭವಿತ್ತು. ಆದರೆ ಸುಳ್ಳು ವ್ರತ ಹಿಡಿಯಲಾರೆನೆಂದವನನ್ನು ಗದರಿಸುವ ಅಧಿಕಾರ ನನಗಿದೆಯೆಂದು ತೋರಲಿಲ್ಲ. ಮೊದಲು ಆ ಆಟವೇನೆಂಬುದನ್ನು ತಿಳಿಸಿಕೊಡೆಂದೆ.

ಆಟದ ತಂತ್ರ

ಅವನು ವಿವರಿಸಿದುದರ ಸಾರಾಂಶವಿಷ್ಟು. ಪ್ರತಿಯೊಬ್ಬನಿಗೂ ಇತರರಿಗೆ ಕಾಣದಂತೆ ಎರಡು ಎಲೆಗಳನ್ನು ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಬಳಿಕ ಒಂದು, ಕೊನೆಗೆ ಒಂದು ಎಂಬಂತೆ ತೆರೆಯುತ್ತಾರೆ. ಈ ನಡುವೆ ನಾಲ್ಕು ಸಲ ಪಣ ಹೂಡುವ ಅವಕಾಶವಿದೆ. ಎಲೆ ಚೆನ್ನಾಗಿಲ್ಲವೆಂದು ತೋರಿದರೆ ಕೆಳಗಿಟ್ಟು ಸುಮ್ಮನಿರಬಹುದು. ಪ್ರತಿ ಆಟದಲ್ಲಿಯೂ ಇಬ್ಬರು, ಸರದಿಯ ಮೇಲೆ, ಎಲೆ ನೋಡುವುದಕ್ಕೆ ಮೊದಲೇ ಕಡ್ಡಾಯವಾಗಿ ಪಣ ಇಡಬೇಕು. ಇದನ್ನು ಬ್ಲೈಂಡ್ ಎನ್ನುತ್ತಾರೆ.

ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಮೊತ್ತದ ಪ್ರವೇಶಧನ ಕಟ್ಟಿ, ಸಮಾನ ಸಂಖ್ಯೆಯ ಬಿಲ್ಲೆಗಳೊಡನೆ ಕುಳಿತುಕೊಳ್ಳುತ್ತಾರೆ. ಬಿಲ್ಲೆ ಮುಗಿದವನು ಹೊರಗೆ. ಬ್ಲೈಂಡ್ ನಿಗದಿತ ನಿಮಿಷಗಳಿಗೊಮ್ಮೆ ಏರುತ್ತಲೇ ಹೋಗುತ್ತದೆ. ಆದಕಾರಣ ಸುಮ್ಮನೆ ಕುಳಿತವನ ರಾಶಿಯೂ ಕರಗುತ್ತದೆ. ಉದಾಹರಣೆಗೆ, 20,000 ಬಿಲ್ಲೆಗಳಿರುವವನಿಗೆ ಬ್ಲೈಂಡ್ 100 ಮತ್ತು 200 ಇರುವಾಗ ಒಂದು ಸುತ್ತಿನ ವೆಚ್ಚ 300. ಅವನು ಅರುವತ್ತಾರು ಸುತ್ತು ಕಾಯಬಲ್ಲ. ಅದೇ ಬ್ಲೈಂಡ್ 1,000 ಮತ್ತು 2,000ಕ್ಕೆ ಏರಿ, ಒಂಬತ್ತು ಜನರೂ ತಲಾ 200 ಹೆಚ್ಚುವರಿಯಾಗಿ ಇಡಬೇಕಾದಾಗ ಒಂದು ಸುತ್ತಿಗೆ 4,800 ಬೇಕು. ಆಗ ಅದೇ ರಾಶಿ ನಾಲ್ಕೇ ಸುತ್ತಿಗೆ ಸಾಕಾಗುತ್ತದೆ.

ಆದುದರಿಂದ ತಂತ್ರವೂ ಹಂತಹಂತವಾಗಿ ಬದಲಾಗುತ್ತದೆ. ಆರಂಭದಲ್ಲಿ ಹೆಚ್ಚಿನ ಎಲೆಗಳನ್ನು ಬಿಟ್ಟುಕೊಟ್ಟು, ಉತ್ತಮವಾದವು ಬಂದಾಗ ಮಾತ್ರ ಆಡಬೇಕು. ಎರಡು ಎಲೆಗಳ ಜೋಡಣೆ 1,326 ಬಗೆ. ಅವುಗಳಲ್ಲಿ ಎಕ್ಕಗಳ ಜೋಡಿ ಬರುವುದು 221 ಸಲಕ್ಕೊಮ್ಮೆ. ಕಾಯುವ ಶಕ್ತಿ ಬೇಕು. ನಡುವಿನ ಹಂತದಲ್ಲಿ ಅಂಜಿ ಕುಳಿತವರ ಬ್ಲೈಂಡುಗಳನ್ನು, ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದಂತೆ ಪಣ ಏರಿಸಿ, ಕಸಿದುಕೊಳ್ಳಬೇಕು. ಆಟಗಾರರ ಭಾಷೆಯಲ್ಲಿ ಇದರ ಹೆಸರೇ ಕದಿಯುವುದು. ಬಹುಮಾನ ದೊರೆಯುವ ಸ್ಥಾನಗಳಿಗೆ ಇನ್ನು ಕೆಲವೇ ಜನ ಹೊರಹೋಗಬೇಕೆನ್ನುವ ಸಂಧಿಯನ್ನು ಗುಳ್ಳೆ ಎನ್ನುತ್ತಾರೆ. ಆಗ ಸಣ್ಣ ರಾಶಿಯವನು ಉಸಿರು ಹಿಡಿದು, ತನಗಿಂತ ಮೊದಲು ಬೇರೆ ಯಾರಾದರೂ ಮುಳುಗಲೆಂದು ಕಾಯುತ್ತಾನೆ. ದೊಡ್ಡ ರಾಶಿಯವನು ಆ ಭಯವನ್ನೇ ಬಳಸಿಕೊಂಡು ನಡುವಿನವರನ್ನು ಒತ್ತುತ್ತಾನೆ. ಬಿಲ್ಲೆಗಳು ಬ್ಲೈಂಡಿನ ಹತ್ತರಷ್ಟಕ್ಕಿಂತ ಕಡಿಮೆಯಾದಾಗ ಎಲ್ಲವನ್ನೂ ಒಮ್ಮೆಲೇ ಹೂಡುವುದು ಇಲ್ಲವೇ ಬಿಡುವುದು, ಇವೆರಡೇ ಉಳಿಯುವ ದಾರಿಗಳು. ಕೊನೆಯ ಮೇಜಿನಲ್ಲಿ ಒಂದೊಂದು ಸ್ಥಾನಕ್ಕೂ ಬಹುಮಾನ ಏರುವುದರಿಂದ, ಗಳಿಸುವ ಬಿಲ್ಲೆಗಿಂತ ಕಳೆದುಕೊಳ್ಳುವ ಬಿಲ್ಲೆಯ ಬೆಲೆಯೇ ಹೆಚ್ಚೆಂದು ತಿಳಿದು ಆಡಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಸೋತಾಗ ಕೆರಳದಿರುವುದು. ಕೆರಳಿದವನು ಮುಂದಿನ ಹತ್ತು ನಿಮಿಷಗಳಲ್ಲಿ ಉಳಿದುದನ್ನೂ ಕಳೆಯುತ್ತಾನೆ.

ಇದನ್ನು ಕೇಳಿದಾಗ ಅಳಿಯನು ಸಂಯಮವೆಂಬ ಶಬ್ದವನ್ನು ಏಕೆ ಬಳಸಿದನೆಂಬುದು ನನಗೆ ಅರ್ಥವಾಯಿತು. ಬಂದುದನ್ನೆಲ್ಲ ಬಯಸದಿರುವುದು, ಕಾಯುವುದು, ಸೋಲು ಗೆಲುವುಗಳಲ್ಲಿ ಮುಖ ಕೆಡಿಸಿಕೊಳ್ಳದಿರುವುದು, ಇವುಗಳನ್ನೇ ಅಲ್ಲವೇ ನಾವು ಮಕ್ಕಳಿಗೆ ಉಪವಾಸದ ಮೂಲಕ ಕಲಿಸಲೆಳಸುವುದು? ಆಟದಲ್ಲಿ ಕೌಶಲವಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು.

ಆದರೂ ಲೆಕ್ಕದ ವಿಷಯದಲ್ಲಿ ಅವನಿಗೆ ಒಂದು ಮಾತು ಹೇಳಿದೆ. ಒಬ್ಬನು ಅತ್ಯಂತ ಜಾಣತನದಿಂದ ಆಡಿ, ಎಲ್ಲವನ್ನೂ ಹೂಡಬೇಕಾದ ಐದು ಸಂದರ್ಭಗಳಲ್ಲಿಯೂ ನೂರಕ್ಕೆ ಎಂಬತ್ತು ಪಾಲು ಗೆಲುವಿನ ಸಂಭವವಿರುವಂತೆ ನೋಡಿಕೊಂಡನೆನ್ನೋಣ. ಐದನ್ನೂ ದಾಟುವ ಸಂಭವ ನೂರಕ್ಕೆ ಮೂವತ್ತಮೂರು ಮಾತ್ರ. ಮೂರರಲ್ಲಿ ಎರಡು ಸಲ ಅವನು ತಪ್ಪೇ ಮಾಡದೆ ಹೊರಬೀಳುತ್ತಾನೆ. ಎಂದರೆ ಕೌಶಲವು ಸಾವಿರಾರು ಆಟಗಳ ಸರಾಸರಿಯಲ್ಲಿ ಕಾಣಿಸುವಂಥದು. ಇಂದಿನ ರಾತ್ರಿಯ ಮಟ್ಟಿಗೆ ಎಲೆಯದೇ ರಾಜ್ಯ. 2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗನು ಅಂತರ್ಜಾಲದ ಅರ್ಹತಾ ಪಂದ್ಯದ ಮೂಲಕ ಪ್ರವೇಶ ಪಡೆದು, 839 ಜನರಿದ್ದ ವಿಶ್ವಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದನು. ಆ ಸುದ್ದಿ ಕೇಳಿ ಲೋಕದ ಲಕ್ಷಾಂತರ ತರುಣರು ಈ ಆಟಕ್ಕೆ ಕುಳಿತರು. ಉಳಿದ 838 ಜನರ ಹೆಸರುಗಳನ್ನು ಕೇಳಿ ಯಾರೂ ಕುಳಿತುಕೊಳ್ಳಲಿಲ್ಲ.

ಗೆದ್ದ ಹಣ ಯಾರದು?

ಒಂದು ಮಾದರಿ ಲೆಕ್ಕವನ್ನು ನಾವಿಬ್ಬರೂ ಕಾಗದದ ಮೇಲೆ ಮಾಡಿದೆವು. 2,000 ಜನರು ತಲಾ 550 ರೂಪಾಯಿ ಕಟ್ಟುತ್ತಾರೆ. ಅದರಲ್ಲಿ 50 ರೂಪಾಯಿ ನಡೆಸುವವನ ಶುಲ್ಕ. ಬಹುಮಾನದ ನಿಧಿ 10,00,000. ನಡೆಸುವವನಿಗೆ, ಯಾರು ಗೆದ್ದರೂ ಯಾರು ಸೋತರೂ, 1,00,000. ನೂರಕ್ಕೆ ಹದಿನೈದರಂತೆ 300 ಜನರಿಗೆ ಬಹುಮಾನ. ಉಳಿದ 1,700 ಜನರು ಬರಿಗೈಯಲ್ಲಿ ಏಳುತ್ತಾರೆ. ಅವರು ಕಟ್ಟಿದ ಮೊತ್ತ 9,35,000. ಇದಲ್ಲದೆ 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30ರಂತೆ ತೆರಿಗೆ ಮುರಿದುಕೊಳ್ಳುವ ನಿಯಮ ಬಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಕಟ್ಟಿದ ಹಣದ ಪೂರ್ಣ ಮೊತ್ತದ ಮೇಲೆ ನೂರಕ್ಕೆ 28ರ ಸರಕು ಮತ್ತು ಸೇವಾ ತೆರಿಗೆಯೂ ಬಂದಿತು. ಹೀಗಾಗಿ ಮೇಜಿನ ಸುತ್ತ ಕುಳಿತವರೆಲ್ಲರನ್ನೂ ಒಟ್ಟಾಗಿ ನೋಡಿದರೆ ತಂದುದಕ್ಕಿಂತ ಕಡಿಮೆಯನ್ನೇ ಒಯ್ಯುತ್ತಾರೆ.

ಈ ಕಾಗದವನ್ನು ಬಹಳ ಹೊತ್ತು ನೋಡಿದ ಅಳಿಯನು, "ನನ್ನ ತಂತ್ರ ಎಷ್ಟು ಚೆನ್ನಾಗಿದ್ದರೂ ಆ 1,700 ಜನ ಇರಲೇಬೇಕು, ಅಲ್ಲವೇ ಮಾವ?" ಎಂದನು. ಹೌದು, ಇರಲೇಬೇಕು. ಒಬ್ಬ ಜಾಣನ ಸ್ಥಾನದಲ್ಲಿ ಇನ್ನೊಬ್ಬ ಜಾಣ ಬರಬಹುದು. ಆದರೆ ಸೋಲುವವರಿಲ್ಲದೆ ಈ ಆಟವಿಲ್ಲ. ಅವರು ಯಾರೆಂಬುದು ಕಾಣದಿರುವುದರಿಂದ ನೋವೂ ಕಾಣದು. ಅವರ ಪೈಕಿ ಒಬ್ಬನು ಅಂದಿನ ಮನೆಬಾಡಿಗೆಯನ್ನು ಕಟ್ಟಿ ಕುಳಿತವನಾಗಿರಬಹುದೆಂಬ ಯೋಚನೆ ಆಟಗಾರನಿಗೆ ಬಂದರೆ, ಅವನ ತಂತ್ರವೇ ಕೆಡುತ್ತದೆ.

ಕಾನೂನಿನ ಪ್ರಶ್ನೆ ಮತ್ತು ವ್ರತದ ಪ್ರಶ್ನೆ

ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಚರ್ಚೆ ನಮ್ಮ ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದಿದೆ. 1963ರ ಕರ್ನಾಟಕ ಪೊಲೀಸು ಕಾಯಿದೆ ಕೇವಲ ಕೌಶಲದ ಆಟಗಳನ್ನು ಜೂಜಿನ ವ್ಯಾಪ್ತಿಯಿಂದ ಹೊರಗಿಟ್ಟಿತು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದಿತು. 2021ರಲ್ಲಿ ರಾಜ್ಯ ಸರ್ಕಾರವು ಕಾಯಿದೆಯನ್ನು ತಿದ್ದಿ, ಅಂತರ್ಜಾಲದಲ್ಲಿ ಹಣವಿಟ್ಟು ಆಡುವುದನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುವೆಂದು ಸಾರಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಅಂತರ್ಜಾಲದ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದಾದ ಆ ಕಾಯಿದೆಯು ಆಡುವವನನ್ನು ಅಪರಾಧಿಯೆಂದು ಎಣಿಸಲಿಲ್ಲ. ಆ ವರ್ಷದ ದಶಲಕ್ಷಣ ಪರ್ವಕ್ಕೆ ಆಗ ವಾರವೊಂದೇ ಉಳಿದಿತ್ತು.

ಹೀಗೆ 1963ರಿಂದ ಇತ್ತ ಒಂದೇ ಆಟವು ಕೆಲವೊಮ್ಮೆ ಸಲ್ಲುತ್ತ, ಕೆಲವೊಮ್ಮೆ ಸಲ್ಲದೆ ಬಂದಿದೆ. ಕಾನೂನಿನ ದೃಷ್ಟಿ ಸಮಾಜದ ಹಿತದ ಮೇಲೆ. ಅದನ್ನು ಪಾಲಿಸುವುದು ಶ್ರಾವಕನ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವ್ರತದ ಪ್ರಶ್ನೆಯೇ ಬೇರೆ. ಅಂಗಡಿ ಮುಚ್ಚಿದ್ದರಿಂದ ಸಿಹಿ ತಿನ್ನದವನು ರಸತ್ಯಾಗಿಯಾಗುವುದಿಲ್ಲ. ದೊರೆಯದ ವಸ್ತುವನ್ನು ಬಿಟ್ಟೆನೆಂದು ಹೇಳುವುದು ಉಪವಾಸದ ಲೆಕ್ಕಕ್ಕೆ ಬರುವುದಾದರೆ, ಅನ್ನವಿಲ್ಲದ ಪ್ರತಿಯೊಬ್ಬ ಬಡವನೂ ತಪಸ್ವಿಯೆನ್ನಬೇಕಾದೀತು.

ಕೌಶಲವೆಂಬ ಸಮರ್ಥನೆಯಾದರೂ ಹೊಸದೇ? ಶಕುನಿಯಲ್ಲಿದ್ದುದು ಕೌಶಲವೇ. ಸಪ್ತವ್ಯಸನಗಳಿಗೆ ದೃಷ್ಟಾಂತ ಹೇಳುವಾಗ ನಮ್ಮ ಶ್ರಾವಕಾಚಾರದ ಆಚಾರ್ಯರು ಪರಸ್ತ್ರೀಗೆ ರಾವಣನನ್ನೂ, ವೇಶ್ಯೆಗೆ ಚಾರುದತ್ತನನ್ನೂ ಹೆಸರಿಸಿ, ದ್ಯೂತಕ್ಕೆ ಯಾರನ್ನು ಹೆಸರಿಸಿದರೆಂಬುದನ್ನು ಗಮನಿಸಬೇಕು. ಯಾವನೋ ಒಬ್ಬ ಕುಡುಕನನ್ನೋ ಕಳ್ಳನನ್ನೋ ಅಲ್ಲ, ಯುಧಿಷ್ಠಿರನನ್ನು. ಸತ್ಯಕ್ಕೆ, ತಾಳ್ಮೆಗೆ ಹೆಸರಾದವನು ಅವನು. ಸಂಯಮಿಯಾದವನಿಗೆ ಜೂಜು ತಟ್ಟದೆನ್ನುವವರಿಗೆ ಇದಕ್ಕಿಂತ ಮಿಗಿಲಾದ ಉತ್ತರ ಬೇಕಿಲ್ಲ.

ಕೊಕ್ಕರೆಯ ತಾಳ್ಮೆ

ಇನ್ನು ಪ್ರಶ್ನೆಯ ಮರ್ಮಕ್ಕೆ ಬರೋಣ. ಆಟಗಾರನ ತಾಳ್ಮೆಯೂ ಉಪವಾಸಿಯ ತಾಳ್ಮೆಯೂ ಹೊರನೋಟಕ್ಕೆ ಒಂದೇ. ಸಿರುಗುಪ್ಪದ ಕಡೆ, ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳಲ್ಲಿ, ಕೊಕ್ಕರೆ ಒಂಟಿ ಕಾಲಿನ ಮೇಲೆ ಕಣ್ಣು ಅರೆಮುಚ್ಚಿ ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕಿಂತ ಹೆಚ್ಚಿನ ಏಕಾಗ್ರತೆ ಯಾವ ಮುನಿಗೂ ಇರಲಾರದೆಂದು ತೋರುತ್ತದೆ. ಆದರೆ ಬಕಧ್ಯಾನವೆಂಬುದನ್ನು ನಮ್ಮ ಜನ ಪ್ರಶಂಸೆಯ ಮಾತಾಗಿ ಬಳಸುವುದಿಲ್ಲ. ಅದು ಕಾಯುತ್ತಿರುವುದು ಮೀನಿಗಾಗಿ.

ಧ್ಯಾನವೆಂಬುದು ಸ್ವತಃ ಶುಭವೂ ಅಲ್ಲ, ಅಶುಭವೂ ಅಲ್ಲ. ಅದು ಯಾವುದನ್ನು ಹಿಡಿದಿದೆ ಎಂಬುದರ ಮೇಲೆ ಅದರ ಹೆಸರು. ಹಿಂಸೆ, ಅಸತ್ಯ, ಚೌರ್ಯ, ವಿಷಯಗಳ ಸಂರಕ್ಷಣೆ, ಇವುಗಳಲ್ಲಿ ನೆಟ್ಟ ಚಿತ್ತವನ್ನು ತತ್ತ್ವಾರ್ಥಸೂತ್ರವು ರೌದ್ರಧ್ಯಾನವೆಂದು ಕರೆಯುತ್ತದೆ. ಮೇಲೆ ವಿವರಿಸಿದ ತಂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಗುಳ್ಳೆಯ ಸಂಧಿಯಲ್ಲಿ ಇನ್ನೊಬ್ಬನು ಮುಳುಗಲೆಂದು ಕಾಯುವುದು ಮೊದಲನೆಯದು. ಇಲ್ಲದ ಎಲೆಯನ್ನು ಇದೆಯೆಂದು ನಂಬಿಸಿ ಸಂತೋಷಿಸುವುದು ಎರಡನೆಯದು. ಅಂಜಿದವನ ಪಣವನ್ನು ಕದಿಯುವುದು ಮೂರನೆಯದು. ಕೊನೆಯ ಮೇಜಿನಲ್ಲಿ ರಾಶಿಯನ್ನು ಕಾಯುತ್ತ ಕೂರುವುದು ನಾಲ್ಕನೆಯದು. ನಾಲ್ಕಕ್ಕೂ ಆ ಆಟದಲ್ಲಿ ಹಂತವುಂಟು, ತಂತ್ರವುಂಟು, ಪಾಠ ಹೇಳುವ ಪುಸ್ತಕಗಳುಂಟು. ರೌದ್ರಧ್ಯಾನವು ಅವ್ರತಿಗೆ ಮಾತ್ರವಲ್ಲದೆ ದೇಶವ್ರತಿಯಾದ ಶ್ರಾವಕನಿಗೂ ಸಂಭವಿಸುತ್ತದೆಯೆಂದು ಅದೇ ಗ್ರಂಥ ಎಚ್ಚರಿಸಿರುವುದನ್ನು ನಾವು ಮರೆಯುವಂತಿಲ್ಲ.

"ಆದರೆ ಎಲ್ಲರೂ ಒಪ್ಪಿ ಕುಳಿತ ಆಟದಲ್ಲಿ ಹುಸಿ ತೋರಿಸುವುದು ಸುಳ್ಳಾಗುತ್ತದೆಯೇ?" ಎಂದು ಅಳಿಯನು ಕೇಳಿದನು. ಒಳ್ಳೆಯ ಪ್ರಶ್ನೆ. ನಾಟಕದಲ್ಲಿ ರಾಜನ ವೇಷ ಹಾಕಿದವನನ್ನು ಸುಳ್ಳುಗಾರನೆನ್ನುವುದಿಲ್ಲ. ನೋಡುವವನಿಗೆ ಆತ ರಾಜನಲ್ಲವೆಂಬುದು ತಿಳಿದಿದೆ, ಮತ್ತು ಆ ವೇಷದಿಂದ ನೋಡುವವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಇಲ್ಲಿಯಾದರೋ ಎದುರಿನವನು ನಂಬಬೇಕು, ನಂಬಿದುದರಿಂದಲೇ ಅವನ ಗಂಟು ಹೋಗಬೇಕು. ಅವನು ಮೋಸಹೋಗಲು ಮೊದಲೇ ಒಪ್ಪಿ ಕುಳಿತನೆಂಬುದು ಕಾನೂನಿನ ಮುಂದೆ ಸಾಕಾದೀತು. ಆದರೆ ಮೋಸಗೊಳಿಸಿದಾಗ ನನ್ನ ಮನಸ್ಸಿನಲ್ಲಿ ಎದ್ದ ಉಲ್ಲಾಸಕ್ಕೆ ಅವನ ಒಪ್ಪಿಗೆಯು ಉತ್ತರವಾಗದು. ಆ ಉಲ್ಲಾಸ ನನ್ನದು, ಅದರ ಬಂಧವೂ ನನ್ನದು.

ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ಹೋಗದೆ ಒಬ್ಬನನ್ನು ವ್ರತಿಯೆನ್ನಲಾಗದು. ಕಾಲಿಗೆ ಮುಳ್ಳು ಚುಚ್ಚಿಕೊಂಡವನು ಎಷ್ಟು ದೂರ ನಡೆದರೂ ಆ ಮುಳ್ಳನ್ನೂ ಒಯ್ಯುತ್ತಾನೆ. ಫಲವನ್ನು ಬಯಸಿ ಮಾಡಿದ ತಪಸ್ಸನ್ನು ನಿದಾನವೆಂದು ದೂರಿರುವಾಗ, ಬಹುಮಾನವನ್ನು ಬಯಸಿ ಹಿಡಿದ ತಾಳ್ಮೆಯನ್ನು ಏನೆನ್ನಬೇಕು? ಉಪವಾಸದಲ್ಲಿ ಬಿಟ್ಟ ಊಟವು ಮುಂದಿನ ಯಾವ ಲಾಭಕ್ಕೂ ಹೂಡಿಕೆಯಲ್ಲ. ಬಿಟ್ಟಲ್ಲಿಗೆ ಅದು ಮುಗಿಯಿತು. ಆಟದಲ್ಲಿ ಬಿಟ್ಟ ಪ್ರತಿಯೊಂದು ಎಲೆಯೂ ಮುಂದೆ ದೊಡ್ಡದನ್ನು ಹಿಡಿಯುವುದಕ್ಕಾಗಿಯೇ ಬಿಟ್ಟದ್ದು. ಒಂದರಿಂದ ಆಸೆ ಸವೆಯುತ್ತದೆ, ಇನ್ನೊಂದರಿಂದ ಆಸೆ ಹರಿತವಾಗುತ್ತದೆ. ಉಪವಾಸದಲ್ಲಿ ಕಲಿತ ತಾಳ್ಮೆಯನ್ನು ಅಳಿಯನು ಆ ಮೇಜಿಗೆ ಒಯ್ದದ್ದು ನಿಜ. ಆದರೆ ದೇವರ ಪೂಜೆಗೆಂದು ತಂದ ದೀಪವನ್ನು ಮೀನು ಹಿಡಿಯಲು ಒಯ್ದಂತಾಯಿತು.

ಅಳಿಯನ ಪ್ರತಿಪ್ರಶ್ನೆ

ಇಷ್ಟು ಹೇಳಿ ನಾನು ಗೆದ್ದೆನೆಂದುಕೊಂಡಿದ್ದೆ. ಅವನು ಸ್ವಲ್ಪ ಸಂಕೋಚದಿಂದಲೇ, "ಮಾವ, ತಪ್ಪು ತಿಳಿಯಬೇಡಿ. ಕುರುಗೋಡಿನ ಕಡೆಯ ರೈತರಿಂದ ನೀವು ಪ್ರತಿವರ್ಷ ಒಣಮೆಣಸಿನಕಾಯಿ ಕೊಂಡು ಶೀತಲಗೃಹದಲ್ಲಿ ಇಡುತ್ತೀರಿ. ಬೆಲೆ ಏರುವುದನ್ನು ಕಾಯುತ್ತೀರಿ. ಅದು ಪಣವಲ್ಲವೇ?" ಎಂದನು.

ಉತ್ತರ ತೋಚದೆ ನಾನು ಆ ರಾತ್ರಿ ಸುಮ್ಮನಿದ್ದೆ. ಮರುದಿನ ಅವನಿಗೆ ಹೇಳಿದುದನ್ನು ಇಲ್ಲಿಯೂ ಹೇಳುತ್ತೇನೆ. ವ್ಯಾಪಾರದಲ್ಲಿ ಅನಿಶ್ಚಯವಿದೆ, ಕೃಷಿಯಲ್ಲಿಯೂ ಇದೆ. ಅನಿಶ್ಚಯವಿದ್ದಲ್ಲೆಲ್ಲ ಜೂಜೆನ್ನುವುದಾದರೆ ಬಿತ್ತಿದ ರೈತನೂ ಜೂಜುಗಾರನೇ ಆದಾನು. ರೈತನಿಗೆ ಕೊಯ್ಲಿನ ದಿನವೇ ಹಣ ಬೇಕು. ಅಡಿಗೆಮನೆಗೆ ವರ್ಷವಿಡೀ ಕಾರ ಬೇಕು. ನಡುವೆ ಇಟ್ಟು, ಕಾಪಾಡಿ, ಸಾಗಿಸುವವನು ಒಂದು ಕೆಲಸ ಮಾಡುತ್ತಾನೆ. ರೈತನು, ನಾನು, ಕೊಳ್ಳುವವನು, ಮೂವರಿಗೂ ಹಿತವಾಗುವ ಸಂಭವ ಅಲ್ಲಿದೆ. ಯಾರೊಬ್ಬರೂ ಮುಳುಗಲೇಬೇಕೆಂಬ ನಿಯಮ ಆ ಕಸುಬಿನಲ್ಲಿಲ್ಲ. ಜೂಜಿನಲ್ಲಿ ಆ ನಿಯಮವೇ ಆಟದ ಬುಡ.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಒಂದು ವರ್ಷ ಅಕಾಲದ ಮಳೆಯಿಂದ ಬೇರೆ ಕಡೆ ಮೆಣಸಿನಕಾಯಿ ಕೆಟ್ಟಿತೆಂಬ ವಾರ್ತೆ ಬಂದಾಗ, ನನ್ನ ದಾಸ್ತಾನಿನ ನೆನಪಾಗಿ ನನ್ನ ಮನಸ್ಸು ಹಿಗ್ಗಿದುದನ್ನು ನಾನು ಬಲ್ಲೆ. ಪರರ ಹಾನಿಯನ್ನು ಮನಸ್ಸಿನಲ್ಲಿ ಬಯಸುವುದಕ್ಕೆ ಆಚಾರ್ಯ ಸಮಂತಭದ್ರರು ಅಪಧ್ಯಾನವೆಂಬ ಹೆಸರಿಟ್ಟು, ಅದನ್ನು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಅಂದು ಕಸುಬು ಶುದ್ಧವಾಗಿಯೇ ಇತ್ತು. ಮನಸ್ಸು ಮಾತ್ರ ಜೂಜಿನ ಮೇಜಿನ ಬಳಿ ಕುಳಿತಿತ್ತು. ಇದನ್ನು ಅಳಿಯನ ಮುಂದೆ ಒಪ್ಪಿಕೊಂಡೆ. ಒಪ್ಪಿಕೊಳ್ಳದಿದ್ದರೆ ಅವನಿಗೆ ಹೇಳಿದ ಉಳಿದ ಮಾತುಗಳಿಗೆ ಬೆಲೆಯಿರುತ್ತಿರಲಿಲ್ಲ.

ಬಿಟ್ಟಿ ಬಿಲ್ಲೆ ಮತ್ತು ಹಿಟ್ಟಿನ ಹುಂಜ

ಉಳಿದುದು ಎರಡನೆಯ ಪ್ರಶ್ನೆ. ಹಣವಿಲ್ಲದ, ಬಿಟ್ಟಿ ಬಿಲ್ಲೆಯ ಆಟದಲ್ಲಿ ಏನು ದೋಷ? ಇದಕ್ಕೆ ನಾನು ಜೀವದಯಾಷ್ಟಮಿಯ ನೋಂಪಿಯಲ್ಲಿ ಕೇಳುವ ಯಶೋಧರನ ಕಥೆಯನ್ನು ನೆನಪಿಸಿದೆ. 13ನೆಯ ಶತಮಾನದ ಆರಂಭದಲ್ಲಿ ಜನ್ನನು ಕನ್ನಡದಲ್ಲಿ ಕಾವ್ಯವಾಗಿಸಿದ ಆ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ರಕ್ತ ಹರಿಯಲಿಲ್ಲ, ಜೀವ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಕತ್ತಿ ಹಿಟ್ಟಿನ ಮೇಲೆ ಬಿದ್ದರೂ ಸಂಕಲ್ಪ ಜೀವದ ಮೇಲೆ ಬಿದ್ದಿತ್ತು.

ಹಾಗೆಂದು ಹಿಟ್ಟಿನಿಂದ ಮಾಡಿದ ಪ್ರತಿಯೊಂದು ಆಕೃತಿಯೂ ಪಾಪವೆಂದು ಹೇಳಬಾರದು. ಆಷಾಢದ ಮಳೆಯಲ್ಲಿ ಅಜ್ಜಿ ಮೊಮ್ಮಕ್ಕಳು ಕುಳಿತು ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ಆಡುವುದು ಬೇರೆ. ಅಲ್ಲಿ ಕಾಯಿ ಕಾಯಿಯೇ. ಇನ್ನೊಂದರ ಬದಲಿಗೆ ಇಟ್ಟುದಲ್ಲ. ನಾನು ಅಳಿಯನನ್ನು ಕೇಳಿದ್ದು ಇಷ್ಟೇ: "ಆ ಬಿಟ್ಟಿ ಬಿಲ್ಲೆಯನ್ನು ಮುಂದಕ್ಕೆ ದೂಡುವಾಗ ನಿನಗೆ ಬಿಲ್ಲೆ ಕಾಣುತ್ತದೆಯೋ, ಹಣ ಕಾಣುತ್ತದೆಯೋ? ಮತ್ತೆ ಬಾಗಿಲು ತೆರೆದ ದಿನಕ್ಕೆ ಕೈ ತುಕ್ಕುಹಿಡಿಯದಿರಲಿ ಎಂದು ಆಡುತ್ತಿದ್ದೀಯೋ, ಇಲ್ಲ ಸುಮ್ಮನೆ ಆಡುತ್ತಿದ್ದೀಯೋ?" ಇದಕ್ಕೆ ಉತ್ತರ ಅವನೊಬ್ಬನಿಗೇ ಗೊತ್ತು. ಅವನು ನನಗೆ ಉತ್ತರ ಹೇಳಲಿಲ್ಲ. ಆ ರಾತ್ರಿ ಕೋಣೆಯ ದೀಪ ಬೇಗ ಆರಿತು.

ಮನೆಯವರು ಗಮನಿಸಬೇಕಾದುದು

ಈ ಸಂದರ್ಭದಲ್ಲಿ ಶ್ರಾವಕ ಬಂಧುಗಳಲ್ಲಿ ಕೆಲವು ವಿಜ್ಞಾಪನೆಗಳು. ಮಟ್ಕಾ, ಅಂದರ್ ಬಾಹರ್ ಎಂದರೆ ಮೂಗು ಮುರಿಯುವ ನಾವು, ಅದೇ ವಸ್ತು ಇಂಗ್ಲಿಷು ಹೆಸರಿನಲ್ಲಿ, ಗಣಿತದ ವೇಷದಲ್ಲಿ ಮಗನ ಅಂಗೈಗೆ ಬಂದಾಗ ಗುರುತಿಸುವುದಿಲ್ಲ. ರಾತ್ರಿಭೋಜನ ತ್ಯಾಗವು ಬಾಯಿಗೆ ಮಾತ್ರವೇ, ಕಣ್ಣಿಗೂ ಉಂಟೇ ಎಂಬುದನ್ನು ಯೋಚಿಸಬೇಕು. ಮಹಾವೀರಸ್ವಾಮಿಯು ನಿರ್ವಾಣ ಹೊಂದಿದ ದೀಪಾವಳಿಯಂದು, ಹಬ್ಬದ ನೆಪದಲ್ಲಿ ನಡೆಯುವ ಇಸ್ಪೀಟಿನ ಕೂಟಗಳಿಗೆ ನಮ್ಮ ಮಕ್ಕಳೂ ಹೋಗುವುದಿದ್ದರೆ ಅದನ್ನು ತಡೆಯುವ ಮಾತು ಹಿರಿಯರಿಂದ ಬರಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಾಲ ಮಾಡಿ ಸೋತ ಹುಡುಗನು ಮನೆಯಲ್ಲಿ ಹೇಳಲು ಹೆದರಿದಾಗ, ಕಳೆದುದನ್ನು ಮತ್ತೆ ಆಡಿಯೇ ಗಳಿಸುತ್ತೇನೆಂಬ ಭ್ರಮೆಗೆ ಬೀಳುತ್ತಾನೆ. ಸೋಲಿಗಿಂತ ಬಚ್ಚಿಟ್ಟ ಸೋಲು ಹೆಚ್ಚು ಅಪಾಯಕರ. ಅದು ಮಾಯಾಶಲ್ಯ. ಆದಕಾರಣ ಹೇಳಿಕೊಳ್ಳಲು ಬಂದವನನ್ನು ಮೊದಲ ಮಾತಿಗೇ ಹೀಯಾಳಿಸಬಾರದು. ಹೋದ ಹಣವನ್ನು ಹೋದುದೆಂದು ಬರೆದು ಗೆರೆ ಎಳೆಯುವುದೇ ಅವನ ಮೊದಲ ಪ್ರಾಯಶ್ಚಿತ್ತ. ಆಜೀವ ತ್ಯಾಗಕ್ಕೆ ಮನಸ್ಸು ಗಟ್ಟಿಯಾಗದವನು ಒಂದು ಚಾತುರ್ಮಾಸದ ಮಟ್ಟಿಗಾದರೂ ಕಾಲದ ಮಿತಿಯಿಟ್ಟು ಬಿಡಲಿ. ಮಿತಿಯಿಟ್ಟು ಪಾಲಿಸಿದ ವ್ರತವು ಉತ್ಸಾಹದಲ್ಲಿ ಹಿಡಿದು ಮುರಿದ ಮಹಾವ್ರತಕ್ಕಿಂತ ಮೇಲು.

ಅನಂತ ಚತುರ್ದಶಿಯ ಉಪವಾಸದ ದಿನ ಅಳಿಯನು ದ್ಯೂತತ್ಯಾಗದ ವ್ರತವನ್ನು ಹಣವೆಂದೂ ಬಿಲ್ಲೆಯೆಂದೂ ಭೇದ ಮಾಡದೆ ಸ್ವೀಕರಿಸಿದನು. ನಾನು ದಾಸ್ತಾನಿನ ಪ್ರಮಾಣಕ್ಕೆ ಒಂದು ಮಿತಿಯನ್ನು ಹಾಕಿಕೊಂಡೆ. ಎಷ್ಟೆಂಬುದು ಇಲ್ಲಿ ಬೇಡ. ಕ್ಷಮಾವಣಿಯ ದಿನ ಅವನು ಲೆಕ್ಕದ ಪುಸ್ತಕವನ್ನು ತಾಯಿಯ ಮುಂದಿಟ್ಟು ಕ್ಷಮೆ ಕೇಳಿದನು. ನನ್ನ ತಂಗಿ ಅತ್ತಳು, ಬೈದಳು, ಕೊನೆಗೆ ಪಾರಣೆಯ ಅನ್ನವನ್ನು ಅವಳೇ ಬಡಿಸಿದಳು.

ಸಂಜೆ ಅವನು ನನ್ನ ಬಳಿ ಬಂದು ಕುಳಿತನು. "ಅಮ್ಮನಲ್ಲಿ ಕೇಳಿದೆ, ನಿಮ್ಮಲ್ಲಿ ಕೇಳಿದೆ. ಆದರೆ ಮಾವ, ಒಮ್ಮೆ ರಾತ್ರಿ ಎರಡು ಗಂಟೆಗೆ, ಕೈಯಲ್ಲಿ ಏನೂ ಇಲ್ಲದೆ, ಒಬ್ಬನ ಎಲ್ಲ ಬಿಲ್ಲೆಗಳನ್ನೂ ಹೆದರಿಸಿ ತೆಗೆದುಕೊಂಡಿದ್ದೆ. ಬಹುಮಾನಕ್ಕೆ ಅವನಿಗೆ ಇನ್ನೆರಡೇ ಸ್ಥಾನ ಬಾಕಿಯಿತ್ತು. ಅವನ ನಿಜವಾದ ಹೆಸರೂ ನನಗೆ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಅವನಲ್ಲಿ ಹೇಗೆ ಕೇಳಲಿ?" ಎಂದನು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೇಳಬೇಕೆನ್ನಿಸಿದ ಮನಸ್ಸನ್ನು ಕಾಪಾಡಿಕೊ ಎಂದಷ್ಟೇ ಹೇಳಿದೆ. ಇಬ್ಬರೂ ಕುಳಿತು ಪ್ರತಿಕ್ರಮಣದ ಪಾಠವನ್ನು ಹೇಳಿಕೊಂಡೆವು.